ಕಂಡಕ್ಟರನ ಫೋನು ಏಳದ ದಿನ

ಬೆಳಿಗ್ಗೆ ಆರು ದಾಟಿ ಇಪ್ಪತ್ತು ನಿಮಿಷವಾಗಿತ್ತು. ಟೀಚರ್ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ನಿದ್ದೆಯೇನೂ ಇರಲಿಲ್ಲ. ಅಂಗಾತ ಮಲಗಿ, ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡು, ಕಿವಿ ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದಳು. ದಿನಾ ಆರಕ್ಕೆ ಸರಿಯಾಗಿ ದಿಂಬಿನ ಪಕ್ಕದಿಂದ ಗಂಡನ ದನಿ ಬರಬೇಕು: “ಏಳೇ, ಬೆಳಗಾಯ್ತು. ಲಾಸ್ಟ್ ಸ್ಟಾಪು, ಎಲ್ಲಾ ಇಳ್ಕೊಳ್ಳಿ!” ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಕೊಟ್ಟು ಕೂತಿದ್ದ ಅವಳಿಗೆ ಬೆಳಗಾಗುವುದೇ ಆ ದನಿಯಿಂದ. ಕಿಟಕಿಯಲ್ಲಿ ಬೆಳಕು ಬಂತೋ ಬಿಟ್ಟಿತೋ, ಅದು ಅವಳಿಗೆ ಸಂಬಂಧಪಟ್ಟ ವಿಷಯವಲ್ಲ.

ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಅಡುಗೆಮನೆಯ ಹೊಸ್ತಿಲ ಮೇಲೆ, ಗಂಡ ಕುಕ್ಕರಗಾಲಲ್ಲಿ ಕೂತು ಫೋನಿನ ಪಕ್ಕದ ಗುಂಡಿಯನ್ನು ಹೆಬ್ಬೆರಳು ಬೆಳ್ಳಗಾಗುವ ಹಾಗೆ ಒತ್ತಿ ಹಿಡಿದಿದ್ದ. ಮನಸ್ಸಿನಲ್ಲೇ ಮೂವತ್ತರ ತನಕ ಎಣಿಸಿದ. ಬಿಟ್ಟ. ಮತ್ತೆ ಒತ್ತಿದ. ಪರದೆ ಕಪ್ಪಗೇ ಇತ್ತು. ಅದರೊಳಗಿಂದ ಅವನದೇ ಮುಖ, ನೆರೆತ ಗಡ್ಡದ ಸಮೇತ, ಅವನನ್ನೇ ಪಿಳಿಪಿಳಿ ನೋಡುತ್ತಿತ್ತು.

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಅವನು. ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ, ಇಂಜಿನ್ ಸದ್ದಿನ ಮೇಲೆ, ಮಗುವಿನ ಅಳುವಿನ ಮೇಲೆ, ಜಗಳದ ಮೇಲೆ ಹಾದುಹೋಗುವಂಥ ಗಂಟಲು. ಹೋದ ವರ್ಷ ಆ ಗಂಟಲಲ್ಲೇ ಗಂಟು ಕಾಣಿಸಿಕೊಂಡು, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಅವನು ಉಸಿರಾಡುವುದು ಕತ್ತಿನ ಬುಡದಲ್ಲಿರುವ ಒಂದು ತೂತಿನಿಂದ. ಅದರ ಮೇಲೆ ತೆಳ್ಳನೆ ಬಟ್ಟೆ ಕಟ್ಟಿಕೊಳ್ಳುತ್ತಾನೆ. ಕತ್ತಿಗೆ ಒತ್ತಿ ಮಾತಾಡುವ ಒಂದು ಯಂತ್ರವನ್ನೂ ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಚಿಕಿತ್ಸೆಯಲ್ಲಿ ಸುಟ್ಟು ಗಟ್ಟಿಯಾಗಿದ್ದ ಚರ್ಮದ ಮೇಲೆ ಅದು ಗುಂಯ್ ಅಂದದ್ದು ಬಿಟ್ಟರೆ ಬೇರೇನೂ ಅನ್ನಲಿಲ್ಲ. ಬಸ್ಸಿನ ಕೆಲಸ ತಪ್ಪಿ, ಡಿಪೋದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಗೆ ಹಾಕಿದರು. ಛತ್ರಿ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಮಾತಿನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಮನೆಯಲ್ಲಿ ಬೀಳುತ್ತದೆ. ಕಣ್ಣು ಕಾಣದವಳಿಗೆ ಕೈಸನ್ನೆ ಮಾಡಿ ಏನು ತೋರಿಸುವುದು? ಬರೆದು ಏನು ಓದಿಸುವುದು? ಅದಕ್ಕೇ ಫೋನು. ಅವನು ಅದರಲ್ಲಿ ಅಕ್ಷರ ಒತ್ತಿದರೆ ಒಬ್ಬ ಹೆಂಗಸು ಓದಿ ಹೇಳುತ್ತಿದ್ದಳು. ಮದುವೆಮನೆಗೆ ಬಂದ ಅಪರಿಚಿತ ನೆಂಟಳ ಹಾಗೆ ಅತಿ ಸ್ಪಷ್ಟ, ಅತಿ ನಯ. ಟೀಚರ್ ಅವಳನ್ನು “ನನ್ನ ಸವತಿ” ಅನ್ನುತ್ತಿದ್ದಳು. “ಏನಂತಾಳೆ ನನ್ನ ಸವತಿ ಇವತ್ತು? ಉಪ್ಪು ಜಾಸ್ತಿಯಾಯ್ತಂತಾ?”

ಆದರೆ ಸವತಿ ಬೇಕಾಗಿದ್ದದ್ದು ಹೊಸ ಮಾತಿಗೆ ಮಾತ್ರ. ಆಪರೇಷನ್ನಿಗೆ ಮುಂಚಿನ ವಾರ ಅವನು ಮಧ್ಯಾಹ್ನದ ಬಿಡುವಿನಲ್ಲಿ ಡಿಪೋದ ಮೂಲೆಯಲ್ಲಿ ನಿಂತಿರುತ್ತಿದ್ದ ಖಾಲಿ ಬಸ್ಸೊಂದನ್ನು ಹತ್ತಿ, ಕಿಟಕಿಗಳನ್ನೆಲ್ಲ ಮುಚ್ಚಿ, ಕೊನೇ ಸೀಟಿನಲ್ಲಿ ಕೂತು ತನ್ನ ದನಿಯನ್ನು ಫೋನಿಗೆ ತುಂಬಿದ್ದ. ಎಂಬತ್ತಮೂರು ತುಣುಕು. “ಟೀ ಬಿಸಿ ಇದೆ, ನಿಧಾನ.” “ಮೆಟ್ಟಿಲು ಬಂತು, ನೋಡ್ಕೊಂಡು.” ಕಣ್ಣಿಲ್ಲದವಳಿಗೆ ನೋಡ್ಕೊಂಡು ಅಂದಿದ್ದಕ್ಕೆ ಅವಳು ಮೊದಲ ಸಲ ಕೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ” ಅನ್ನುವುದು ಹಾಸಿಗೆಯಲ್ಲಿ ಅವಳು ಅಡ್ಡಡ್ಡ ಮಲಗಿದಾಗ.

“ರೀ,” ಅಂದಳು ಕೊನೆಗೆ ಟೀಚರ್. “ಯಾಕೆ ಇವತ್ತು ಎಬ್ಬಿಸಲಿಲ್ಲ?”

ಅವನು ಹೋಗಿ ಮಂಚದ ತುದಿಯಲ್ಲಿ ಕೂತು ಅವಳ ಮೊಣಕೈ ಹಿಡಿದ. ಅವರಿಬ್ಬರ ನಡುವೆ ಒಂದು ಕಾನೂನಿತ್ತು, ಬಸ್ಸಿನ ಗಂಟೆಯದು: ಒಂದು ತಟ್ಟಿದರೆ ನಿಲ್ಲಿ, ಅಂದರೆ ಅಲ್ಲ. ಎರಡು ತಟ್ಟಿದರೆ ಹೋಗಲಿ, ಅಂದರೆ ಹೌದು.

“ಮೈ ಸರಿಯಿಲ್ವಾ?”

ಒಂದು.

“ನನ್ನ ಮೇಲೆ ಸಿಟ್ಟಾ?”

ಒಂದು.

“ಏನಾದ್ರೂ ಆಗಿದೆಯಾ?”

ಎರಡು. ಅಲ್ಲಿಗೆ ಗಂಟೆಯ ಕಾನೂನು ಮುಗಿಯಿತು. ಅವಳು ಸರಿಯಾದ ಪ್ರಶ್ನೆ ಕೇಳುವ ತನಕ ಅವನು ಕಾಯುತ್ತಾ ಕೂರಬೇಕು, ಅಷ್ಟೇ. ಅವನು ಅವಳ ಅಂಗೈ ಬಿಡಿಸಿ ತೋರುಬೆರಳಿನಿಂದ ಬರೆದ: ಹಾಳು.

ಸಕ್ಕರೆ ಕಾಯಿಲೆ ಬರೀ ಕಣ್ಣು ತಿಂದು ಸುಮ್ಮನಾಗಿರಲಿಲ್ಲ. ಅಂಗೈ, ಅಂಗಾಲು ಎರಡೂ ಅರ್ಧ ಜೋಮು. “ಇನ್ನೊಂದ್ಸಲ,” ಅಂದಳು. ಇನ್ನೊಂದು ಸಲ ಬರೆದ.

“ಹಾಲು?”

ಒಂದು ತಟ್ಟಿದ. ಉಗುರು ಊರಿ ಬರೆದ.

“ಹಾಲೇ ರೀ ಅದು. ಏನಾಯ್ತು ಹಾಲಿಗೆ? ಒಡೀತಾ?”

ಒಂದು.

“ಬೆಕ್ಕು ಕುಡೀತಾ? ಪಾತ್ರೆ ಮುಚ್ಚಿಡಿ ಅಂತ ಬಡ್ಕೊಂಡೆ ನಾನು ನಿನ್ನೆ.”

ಒಂದು, ಒಂದು, ಒಂದು. ಅವನಿಗೆ ನಗುವೂ ಬಂತು, ಆ ನಗು ಸದ್ದಿಲ್ಲದೆ ಕತ್ತಿನ ಬಟ್ಟೆಯಲ್ಲಿ ಪುಸ್ ಅಂದಿತು. ಮರುಗಳಿಗೆಗೆ ಅಳುವೂ ಬಂತು. ಎದ್ದು ಹೋಗಿ ಫೋನನ್ನು ತಂದು ಅವಳ ಕೈಯಲ್ಲಿಟ್ಟ. ಅವಳು ಅದನ್ನು ತಿರುಗಿಸಿ ಮುರುಗಿಸಿ ಸವರಿದಳು, ಕಿವಿಗೆ ಹಿಡಿದಳು, ಗುಂಡಿ ಹುಡುಕಿ ಒತ್ತಿದಳು. ಅದು ಯಾವಾಗಲೂ ಅನ್ನುತ್ತಿದ್ದ ಗುರ್ ಅನ್ನಲಿಲ್ಲ.

“ಹಾಳು,” ಅಂದಳು. ಆಮೇಲೆ, ಮೂವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳ ಕೈಹಿಡಿದು ತಿದ್ದಿಸಿದವಳ ದನಿಯಲ್ಲಿ, “ಳ ಬರೆಯೋದು ಹಾಗಲ್ಲ,” ಅಂತ ಸೇರಿಸಿದಳು. ಆದರೆ ಅವಳ ಕೈ ಫೋನನ್ನು ಬಿಡಲಿಲ್ಲ.

ಹಿಂದಿನ ಸಂಜೆ ಚಾರ್ಜಿಗೆ ಹಾಕಿದ್ದ. ಅದು ಹಾಕಿದಂತೆ ಹಾಕಿಸಿಕೊಳ್ಳುತ್ತಿರಲಿಲ್ಲ. ವಾರದಿಂದ ಪಿನ್ನು ಸಡಿಲವಾಗಿ, ವೈರನ್ನು ಒಂದು ಕಡೆಗೆ ಎತ್ತಿ ಹಿಡಿದರೆ ಮಾತ್ರ ಚಾರ್ಜ್ ಹತ್ತುತ್ತಿತ್ತು. ಅವನು ಒಂದು ಹಳೇ ಟಿಕೆಟನ್ನು ಮಡಿಸಿ ಮಡಿಸಿ ಪಿನ್ನಿನ ಸಂದಿಗೆ ಸಿಕ್ಕಿಸಿ ಬಿಗಿ ಮಾಡಿದ್ದ. ಅಂಗಡಿಗೆ ಕೊಟ್ಟರೆ ಒಂದು ದಿನ ಇಟ್ಟುಕೊಳ್ಳುತ್ತಾರೆ, ಒಂದು ದಿನ ಮನೆ ಮೂಕವಾಗುತ್ತದೆ ಅಂತ ನಾಳೆ ನಾಳೆ ಅಂದುಕೊಂಡು ದಿನ ತಳ್ಳಿದ್ದ.

ಈಗ ಆ ಟಿಕೆಟನ್ನು ತೆಗೆದ. ವೈರು ಬದಲಾಯಿಸಿದ. ಮಂಚದ ಪಕ್ಕದ ಪ್ಲಗ್ಗು ಬಿಟ್ಟು ಅಡುಗೆಮನೆಯದಕ್ಕೆ ಹಾಕಿದ, ಅಡುಗೆಮನೆಯದು ಬಿಟ್ಟು ಬಚ್ಚಲಮನೆ ಹೊರಗಿನದಕ್ಕೆ ಹಾಕಿದ. ಪ್ಲಗ್ಗು ಸರಿಯಿದೆಯೇ ಅಂತ ಇಸ್ತ್ರಿಪೆಟ್ಟಿಗೆ ಹಾಕಿ ಪರೀಕ್ಷೆ ಮಾಡಿದ. ಇಸ್ತ್ರಿಪೆಟ್ಟಿಗೆ ಚೆನ್ನಾಗಿ ಕಾದಿತು. ಗುಂಡಿಯ ಜೊತೆ ಸದ್ದು ಕಮ್ಮಿ ಮಾಡುವ ಗುಂಡಿಯನ್ನೂ ಒಟ್ಟಿಗೆ ಒತ್ತಿದ, ಆಮೇಲೆ ಜಾಸ್ತಿ ಮಾಡುವ ಗುಂಡಿಯನ್ನು. ಸಿಮ್ಮು ಕಿತ್ತು ಅಂಗಿಯಂಚಿಗೆ ಒರೆಸಿ ಹಾಕಿದ. ಒಂದೊಂದಾದ ಮೇಲೂ ಟೀಚರ್ ಕೇಳುವಳು, “ಬಂತಾ?” ಅವನು ಬಂದು ಮೊಣಕೈಗೆ ಒಂದು ತಟ್ಟಿ ಹೋಗುವನು. ಐದಾರು ಸಲ ಆದಮೇಲೆ ಅವಳು ಕೇಳುವುದನ್ನು ಬಿಟ್ಟಳು.

“ತಮ್ಮನ ಹತ್ರ ತೋರಿಸೋಣ ನಡೀರಿ,” ಅಂದಳು.

ಅವಳ ತಮ್ಮ ಕ್ಷೌರಿಕ. ಅದೇ ಕಟ್ಟಡದ ಕೆಳಗೆ ಎರಡು ಕುರ್ಚಿಯ ಅಂಗಡಿ. ಕೈಯಷ್ಟೇ ಚುರುಕು ಬಾಯಿ. ಇವರು ಮೆಟ್ಟಿಲಿಳಿದು ಹೋದಾಗ ಒಬ್ಬ ಗಿರಾಕಿಯ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ನೊರೆ ಹಚ್ಚುತ್ತಿದ್ದ.

“ಫೋನು ಏಳ್ತಿಲ್ವಾ? ಭಾವಾ, ಇಲ್ಲಿ ಕೊಡಿ!” ಅಂತ ಕೂಗಿದ. ಗಂಟಲು ಹೋದ ಮೇಲೆ ಎಲ್ಲರೂ ಹಾಗೇ, ಕಿವಿಯೂ ಹೋಗಿದೆ ಅನ್ನುವ ಹಾಗೆ ಕೂಗಿಯೇ ಮಾತಾಡುತ್ತಿದ್ದರು. “ನೀರಿಗೆ ಬೀಳಿಸಿದ್ರಾ? ಬೀಳಿಸಿರ್ತೀರಿ. ಬಚ್ಚಲಿಗೆ ತಗೊಂಡು ಹೋಗಿರ್ತೀರಿ.”

ಕಂಡಕ್ಟರ್ ಇಲ್ಲ ಅಂತ ತಲೆಯಾಡಿಸಿದ.

“ನೋಡಕ್ಕಾ, ಒಪ್ಕೊಳ್ತಿಲ್ಲ,” ಅಂದ ಭಾಮೈದ. ತನ್ನ ಚಾರ್ಜರು ಸಿಕ್ಕಿಸಿದ, ಬರಲಿಲ್ಲ. ಫೋನನ್ನು ಅಂಗೈಗೆ ಎರಡೇಟು ಬಡಿದ, ಬರಲಿಲ್ಲ. “ಒಳಗೆ ಥಂಡಿ ಹಿಡಿದಿದೆ,” ಅಂತ ನಿರ್ಧಾರ ಮಾಡಿ, ಕೂದಲು ಒಣಗಿಸುವ ಯಂತ್ರ ತೆಗೆದು ಚಾರ್ಜಿನ ತೂತಿಗೆ ಬಿಸಿಗಾಳಿ ಹಿಡಿದ. ಕಂಡಕ್ಟರ್ ಬೇಡ ಬೇಡ ಅಂತ ಎರಡೂ ಕೈ ಆಡಿಸಿದ. ಭಾಮೈದನ ಕಣ್ಣು ಫೋನಿನ ಮೇಲಿತ್ತು, ಯಂತ್ರದ ಸದ್ದು ಅಂಗಡಿ ತುಂಬಿತ್ತು. ಬೇಡ ಅನ್ನುವ ಒಂದೇ ಒಂದು ಮಾತು ಅವನ ಎದೆಯಲ್ಲಿ ಎದ್ದು, ಕತ್ತಿನ ತೂತಿನಿಂದ ಬರೀ ಗಾಳಿಯಾಗಿ ಹೋಯಿತು. ಕೊನೆಗೆ ಅವನು ತೋಳು ಹಿಡಿದು ಎಳೆದ. ಆಗ ಫೋನು ಹಂಚಿನ ಹಾಗೆ ಕಾದಿತ್ತು.

“ಸಿಟ್ಟು ಮಾಡ್ಕೋಬೇಡಿ ಭಾವ, ಒಳ್ಳೇದಕ್ಕೇ ಮಾಡಿದ್ದು. ಹೋಗ್ಲಿ, ನನ್ನ ಫೋನಲ್ಲಿ ಬರೀರಿ, ಅಕ್ಕನಿಗೆ ಓದಿ ಹೇಳುತ್ತೆ.”

ಅದರಲ್ಲಿ ಬರೆದದ್ದಾಯಿತು. ಆದರೆ ಆ ಫೋನಿಗೆ ಕನ್ನಡ ಓದಲು ಯಾರೂ ಕಲಿಸಿರಲಿಲ್ಲ. ಅಕ್ಷರಗಳನ್ನೆಲ್ಲ ನುಂಗಿ, ಕೊನೆಯ ಚುಕ್ಕಿಯನ್ನು ಮಾತ್ರ ಗಂಭೀರವಾಗಿ “ಡಾಟ್” ಅಂದಿತು. ಒಂದು ಕೆನ್ನೆಯ ಗಿರಾಕಿ ಕನ್ನಡಿಯಲ್ಲೇ ನಕ್ಕ. ಆಮೇಲೆ ಯಾರೂ ನಗದಿದ್ದದ್ದು ನೋಡಿ ಕೆಮ್ಮಿದ.

ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ರಿಪೇರಿ ಅಂಗಡಿಗೆ ಹೊರಟರು. ಅವನು ಒಬ್ಬನೇ ಹೋಗಿಬರುವವನಿದ್ದ. ಅವಳು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. “ನೀವು ಅಲ್ಲಿ ಹೋಗಿ ಏನಂತ ಹೇಳ್ತೀರಿ? ಮಾತಿಗೆ ನಾನು, ದಾರಿಗೆ ನೀವು. ನಡೀರಿ.” ದಾರಿಯುದ್ದಕ್ಕೂ ಅವಳು ಅವನ ಮೊಣಕೈ ಮೇಲಿನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ರಸ್ತೆ ಅಗೆದಿದ್ದ ಕಡೆ ಅವನು ನಿಲ್ಲುವನು. ಬೇರೆ ದಿನವಾದರೆ ಜೇಬಿನಿಂದ ದನಿ ಬರುತ್ತಿತ್ತು, ಗುಂಡಿ ಇದೆ, ಎಡಕ್ಕೆ ಅಂತ. ಇವತ್ತು ಅವನು ನಿಂತದ್ದು ಯಾಕೆ, ಗುಂಡಿಗೋ ನಾಯಿಗೋ ಗಾಡಿಗೋ ಅಂತ ಅವಳಿಗೆ ಗೊತ್ತಾಗದೆ, ಒಂದು ಕಾಲು ಮುಂದೆ ಚಾಚಿ ನೆಲವನ್ನು ಹುಡುಕುವಳು.

ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯಲ್ಲಿತ್ತು. ಒಂದು ಮೇಜು, ಒಂದು ಬೆಂಚು, ಗೋಡೆಯ ತುಂಬ ಬಿಚ್ಚಿದ ಫೋನುಗಳ ಬೆನ್ನು. ರಿಪೇರಿ ಮಾಡುವವಳು ನಲವತ್ತರ ಆಸುಪಾಸಿನ ಹೆಂಗಸು, ಹಣೆಯ ಮೇಲೆ ಭೂತಗನ್ನಡಿಯ ಪಟ್ಟಿ.

“ಏನಾಗಿದೆ?” ಅಂತ ಅವನನ್ನೇ ಕೇಳಿದಳು.

“ಅವರಿಗೆ ಮಾತು ಬರಲ್ಲಮ್ಮ, ಆದ್ರೆ ಕಿವಿ ಕೇಳುತ್ತೆ,” ಅಂದಳು ಟೀಚರ್. “ನನಗೆ ಕಣ್ಣು ಕಾಣಲ್ಲ. ನೀನು ಅವರಿಗೆ ಹೇಳು, ನಾನು ನಿನಗೆ ಹೇಳ್ತೀನಿ.”

ರಿಪೇರಿಯವಳು ಇಬ್ಬರನ್ನೂ ಒಂದು ಸುತ್ತು ನೋಡಿ, ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡಳು. ಅವಳು ಕೂಗಲಿಲ್ಲ. ಅಷ್ಟಕ್ಕೇ ಕಂಡಕ್ಟರನಿಗೆ ಅವಳ ಮೇಲೆ ನಂಬಿಕೆ ಬಂದುಬಿಟ್ಟಿತು.

ಸೂಜಿಯಿಂದ ಚಾರ್ಜಿನ ತೂತನ್ನು ಕೆದಕಿ ಜೇಬಿನ ನೂಲಿನ ಎಳೆ, ಕಾಗದದ ಚೂರು ಹೊರತೆಗೆದಳು. “ಏನಿದು ಕಾಗದ?” ಕಂಡಕ್ಟರ್ ತಲೆ ತಗ್ಗಿಸಿದ. ಬೆನ್ನು ಬಿಚ್ಚಿ ಬ್ಯಾಟರಿಗೆ ಮೀಟರಿನ ಎರಡು ಕಡ್ಡಿ ಮುಟ್ಟಿಸಿದಳು. “ಸೊನ್ನೆ. ಬ್ಯಾಟರಿ ಪೂರ್ತಿ ಇಳಿದುಹೋಗಿದೆ. ಬರೀ ಇದೇ ಆಗಿದ್ರೆ ಸುಲಭ.” ಬೇರೆ ಬ್ಯಾಟರಿ ಕೂರಿಸಿದಳು. ಗುಂಡಿ ಒತ್ತಿದಳು. ಏನೂ ಇಲ್ಲ. ಬ್ಯಾಟರಿ ತೆಗೆದು ಮೇಜಿನ ಮೇಲಿನ ಒಂದು ಪೆಟ್ಟಿಗೆಯಿಂದ ನೇರವಾಗಿ ಕರೆಂಟು ಕೊಟ್ಟಳು. ಗುಂಡಿ ಒತ್ತುವ ಮೊದಲೇ ಪೆಟ್ಟಿಗೆಯ ಅಂಕಿ ಜಿಗಿಯಿತು. ಅವಳು ನಾಲಿಗೆ ಲೊಚಗುಟ್ಟಿದಳು.

“ಏನು?” ಅಂದಳು ಟೀಚರ್. “ಲೊಚ್ ಅಂದ್ಯಲ್ಲ, ಏನು?”

“ಬೋರ್ಡಲ್ಲಿ ಶಾರ್ಟ್ ಆಗಿದೆ ಅಕ್ಕ. ಕೊಟ್ಟ ಕರೆಂಟೆಲ್ಲ ಎಲ್ಲೋ ಸೋರ್ತಾ ಇದೆ. ಪಿನ್ನಿನ ಹತ್ರ ಸುಟ್ಟಿದೆ ಸ್ವಲ್ಪ. ಬಿಸಿ ಏನಾದ್ರೂ ತಾಗಿಸಿದ್ರಾ?”

“ನನ್ನ ತಮ್ಮ ಬಿಸಿಗಾಳಿ ಹಿಡಿದ. ಅದರಿಂದ ಆಯ್ತಾ?”

“ಹೇಳಕ್ಕಾಗಲ್ಲ. ಮೊದಲೇ ಹೋಗಿರಬಹುದು. ಅದರಿಂದ ಒಳ್ಳೇದಂತೂ ಆಗಿರಲ್ಲ.” ಅವಳು ಕಂಡಕ್ಟರನ ಕಡೆ ತಿರುಗಿದಳು. “ನಿಮಗೆ ಫೋನು ಬೇಕಾ, ಅದರಲ್ಲಿರೋದು ಬೇಕಾ?”

ಅವನು ಅವಳ ಮೇಜಿನ ಮೇಲಿದ್ದ ರಸೀದಿ ಪುಸ್ತಕ ಎಳೆದುಕೊಂಡು ಬರೆದ: ನನ್ನ ದನಿ ಇದೆ. ೮೩.

ಅವಳು ಓದಿದಳು. ಅವನ ಕತ್ತಿನ ಬಟ್ಟೆ ನೋಡಿದಳು. “ಇದರ ಕಾಪಿ ಎಲ್ಲಾದ್ರೂ ಇದೆಯಾ? ಆನ್‌ಲೈನಲ್ಲಿ?”

ಎಂಟು ತಿಂಗಳಿಂದ ಆ ಫೋನು ದಿನಕ್ಕೊಂದು ಸಲ, ಕೆಲವು ದಿನ ಎರಡು ಸಲ, ಜಾಗ ತುಂಬಿದೆ, ಕಾಪಿ ಆಗುತ್ತಿಲ್ಲ ಅಂತ ಅವನಿಗೆ ಹೇಳುತ್ತಲೇ ಇತ್ತು. ಅವನು ನೊಣ ಓಡಿಸಿದ ಹಾಗೆ ಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳುತ್ತಲೇ ಇದ್ದ. ಆ ತಳ್ಳುವ ಬೆರಳು ಈಗ ಪೆನ್ನು ಹಿಡಿದಿತ್ತು. ಇಲ್ಲ, ಅಂತ ಬರೆದ.

“ಒಳಗಿರೋ ಮೆಮೊರಿ ಕಿತ್ತು ಬೇರೆ ಫೋನಿಗೆ ಹಾಕಕ್ಕೆ ಬರಲ್ವೇನಮ್ಮ?” ಅಂದಳು ಟೀಚರ್. “ಒಬ್ಬರ ಕಣ್ಣು ಇನ್ನೊಬ್ಬರಿಗೆ ಹಾಕ್ತಾರಂತೆ.”

“ಇದು ಹಾಗಲ್ಲ ಅಕ್ಕ. ಅದು ಈ ಬೋರ್ಡಿಗೇ ಅಂಟ್ಕೊಂಡಿರುತ್ತೆ, ಬೇರೆ ಕಡೆ ಇಟ್ರೆ ಬಾಯಿ ಬಿಡಲ್ಲ. ಇದೇ ಬೋರ್ಡು ಏಳಬೇಕು. ಒಂದ್ ಹತ್ತು ನಿಮಿಷ ಎದ್ರೆ ಸಾಕು, ಎಲ್ಲಾ ಇಳಿಸ್ಕೊಳ್ತೀನಿ. ಕೂತ್ಕೊಳ್ಳಿ.”

ಕೂತರು. ಮಧ್ಯಾಹ್ನವಾಯಿತು. ಬೇರೆ ಗಿರಾಕಿಗಳು ಬಂದರು, ಗಾಜು ಒಡೆದವರು, ಕವರು ಬೇಕಾದವರು. ಆಮೇಲೆ ಬನ್ನಿ ಅಂತ ಅವಳು ಕಳಿಸಿದಳು. ಬೋರ್ಡಿಗೆ ಸ್ಪಿರಿಟ್ ಸವರಿ ಕರೆಂಟು ಕೊಟ್ಟು, ಮೊದಲು ಎಲ್ಲಿ ಆರುತ್ತದೆ ಅಂತ ನೋಡಿದಳು. ಎಲ್ಲಿ ಆರುತ್ತದೋ ಅಲ್ಲಿ ಬಿಸಿ, ಎಲ್ಲಿ ಬಿಸಿಯೋ ಅಲ್ಲಿ ಸೋರಿಕೆ. ಎಳ್ಳಿಗಿಂತ ಸಣ್ಣ ಒಂದು ಚೂರನ್ನು ಚಿಮುಟದಿಂದ ಎತ್ತಿ ಹಾಕಿದಳು. ಅಂಕಿ ಇಳಿಯಲಿಲ್ಲ. ಇನ್ನೊಂದನ್ನು ಎತ್ತಿದಳು. ಕಂಡಕ್ಟರ್ ಎದ್ದು ನಿಂತು, ಕೂತು, ಮತ್ತೆ ಎದ್ದ. ತನ್ನ ಉಸಿರು ಜೋರಾಗಿ ಅವಳ ಕೈ ಅಲ್ಲಾಡಿಬಿಟ್ಟರೆ ಅಂತ ಕತ್ತಿನ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡ.

“ಏನ್ ಮಾಡ್ತಿದಾಳೆ?” ಅಂತ ಟೀಚರ್ ಪಿಸುಗುಟ್ಟಿದಳು. ಅವನು ಅವಳ ಮೊಣಕೈ ಹಿಡಿದ. ಒಂದು ತಟ್ಟಬೇಕೋ ಎರಡೋ ತಿಳಿಯದೆ ಸುಮ್ಮನೆ ಹಿಡಿದೇ ಇದ್ದ.

ಮೂರನೆಯ ಚೂರು ಎತ್ತಿದಾಗ ಅಂಕಿ ಸರ್ರನೆ ಕೆಳಗಿಳಿಯಿತು. ರಿಪೇರಿಯವಳು ಗುಂಡಿ ಒತ್ತಿದಳು.

ಗುರ್.

“ಬಂತು!” ಅಂತ ಚೀರಿದವಳು ಟೀಚರ್. ಪರದೆ ಬೆಳ್ಳಗಾಗಿ, ಕಂಪನಿಯ ಗುರುತು ಬಂದು, ಸುತ್ತುವ ಚಕ್ರ ಬಂದು, ಒಂಬತ್ತು ಚುಕ್ಕಿಯ ಬೀಗ ಬಂತು. “ಗೆರೆ ಎಳೀರಿ, ಬೇಗ,” ಅಂದಳು ರಿಪೇರಿಯವಳು. ಅವನ ಬೆರಳು ಬೆವರಿ ಮೊದಲ ಸಲ ತಪ್ಪಿತು. ಎರಡನೇ ಸಲ ತೆರೆಯಿತು. ಆಗಲೇ ಅವಳು ವೈರು ಸಿಕ್ಕಿಸಿ ತನ್ನ ಕಂಪ್ಯೂಟರಿನಲ್ಲಿ ಕಡತ ಹುಡುಕುತ್ತಿದ್ದಳು. “ಸಿಕ್ತು. ಎಂಬತ್ತಮೂರು. ಹಳೇದ್ರಿಂದ ಇಳೀತಾ ಇದೆ, ಒಂದು... ಎರಡು... ನೀವೇ ಹೆಸರಿಟ್ಟಿದ್ದೀರಾ ಇದಕ್ಕೆಲ್ಲ? ಟೀ. ಮೆಟ್ಟಿಲು. ಕೊನೇದು ‘ಅವಳಿಗೆ’ ಅಂತ ಒಂದಿದೆ, ಇದೇ ಉದ್ದ, ನಾಲ್ಕು ನಿಮಿಷದ್ದು.”

ಕಂಡಕ್ಟರನ ಕೈ ಮೇಜಿನ ಅಂಚು ಹಿಡಿಯಿತು. ಅದನ್ನು ಅವನು ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಖಾಲಿ ಬಸ್ಸಿನಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದ. ಹೆಂಡತಿಗೆ ಇವತ್ತಿನ ತನಕ ಕೇಳಿಸಿರಲಿಲ್ಲ. ಕೇಳಿಸಬೇಕು ಅಂತ ಎಷ್ಟೋ ಸಂಜೆ ಬೆರಳು ಅದರ ಮೇಲೆ ಹೋಗಿ, ನಾಚಿಕೆಯಾಗಿ, “ಟೀ ಬಿಸಿ ಇದೆ” ಅನ್ನುವುದನ್ನು ಒತ್ತಿ ಬಂದಿತ್ತು. ನಾಲ್ಕು ಊರಿಗೆ ಕೇಳುವಂತೆ ಕೂಗಿದವನಿಗೆ ಪಕ್ಕದಲ್ಲಿ ಕೂತವಳಿಗೆ ಹೇಳುವ ಧೈರ್ಯ ಸಾಲಿರಲಿಲ್ಲ.

“ಏಳು... ಎಂಟು... ಒಂಬತ್ತು,” ಅಂದಳು ರಿಪೇರಿಯವಳು. ಹತ್ತು ಬರಲಿಲ್ಲ.

ಪರದೆ ಕಪ್ಪಾಗಿತ್ತು. ಸುಟ್ಟ ವಾಸನೆ ಬಂತು, ತೀರಾ ಸಣ್ಣದು, ಆರಿಸಿದ ಬೆಂಕಿಕಡ್ಡಿಯಷ್ಟು. ಅವಳು ವೈರು ಕಿತ್ತಳು, ಹಾಕಿದಳು, ಕರೆಂಟು ಕೊಟ್ಟಳು. ಭೂತಗನ್ನಡಿ ಇಳಿಸಿ ಬೋರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮತ್ತೆ ಒಂದೂವರೆ ಗಂಟೆ, ಅವಳು ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಕಂಡಕ್ಟರನಿಗೆ ಅದು ಕಾಣುತ್ತಿತ್ತು. ಗೊತ್ತಿದ್ದದ್ದು ಮುಗಿದದ್ದೂ ಕಾಣಿಸಿತು, ಅವಳು ಚಿಮುಟ ಕೆಳಗಿಟ್ಟ ರೀತಿಯಲ್ಲಿ.

“ಮುಖ್ಯ ಚಿಪ್ಪೇ ಹೋಗಿದೆ ಅಕ್ಕ,” ಅಂದಳು. “ಇನ್ನು ಯಾರ ಹತ್ರ ತಗೊಂಡು ಹೋದ್ರೂ ಕಷ್ಟ. ನಾನು ಸುಳ್ಳು ಹೇಳಲ್ಲ.”

ಟೀಚರ್ ತಲೆಯಾಡಿಸಿದಳು, ಅವಳಿರುವ ದಿಕ್ಕಿಗಿಂತ ಸ್ವಲ್ಪ ಆಚೆ ನೋಡುತ್ತಾ. “ಇಳಿದಿದ್ದು ಕೇಳಿಸ್ತೀಯಾ?”

ರಿಪೇರಿಯವಳು ಒಂದೊಂದಾಗಿ ಹಾಕಿದಳು. ಹಳೆಯದರಿಂದ ಇಳಿದದ್ದಲ್ಲವೇ, ಒಂಬತ್ತೂ ಮೊದಲನೇ ದಿನದವು. ಖಾಲಿ ಬಸ್ಸಿನ ಗುಂಯ್ ಸದ್ದು. ಕೆಮ್ಮು. “ಹಲೋ. ಹಲೋ.” ಮತ್ತೆ ಕೆಮ್ಮು. “ಕೇಳ್ತಾ ಇದೆಯೋ ಇಲ್ವೋ ಯಾವನಿಗೆ ಗೊತ್ತು.” ಯಾರೋ ಹೊರಗಿಂದ ಬಾಗಿಲು ಬಡಿದದ್ದು, “ಇದು ಹೋಗಲ್ಲ ರೀ, ಆ ಕಡೆ ಬಸ್ ಹತ್ತಿ!” ಅಂತ ಅವನು ಗದರಿದ್ದು. “ಛೇ, ಒತ್ತಿದ್ನಾ ಇಲ್ವಾ.” ಮುಂದಿನದರಲ್ಲಿ ಬರೀ ಉಸಿರು, ಮೂಗಿನಲ್ಲಿ ಎಳೆದುಕೊಂಡ ಹಳೇ ಉಸಿರು. ಒಂದರಲ್ಲಿ “ಏನಂತ ಹೇಳಲಿ ನಾನು ಇವಳಿಗೆ” ಅಂತ ಶುರುವಾಗಿ ಅಲ್ಲಿಗೇ ನಿಂತದ್ದು. ಒಂಬತ್ತನೆಯದು ಒಂದು ಸೀನು.

ಬೇಕಾದವೆಲ್ಲ ಒಳಗೇ ಉಳಿದು, ಅವನು ಎಂದೋ ಅಳಿಸಿಹಾಕಬೇಕು ಅಂದುಕೊಂಡು ಮರೆತದ್ದು ಮಾತ್ರ ಹೊರಗೆ ಬಂದಿತ್ತು. ಕಂಡಕ್ಟರ್ ಗೋಡೆಯ ಕಡೆ ಮುಖ ಮಾಡಿ ನಿಂತ. ಟೀಚರ್ ಒಂದು ಸಣ್ಣ ಪೆನ್‌ಡ್ರೈವಿನಲ್ಲಿ ಅವನ್ನೆಲ್ಲ ಹಾಕಿಸಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮನೆಯ ದಾರಿ ಹಿಡಿದರು. ಅಗೆದ ಗುಂಡಿಯ ಹತ್ತಿರ ಅವನು ನಿಂತಾಗ ಅವಳೂ ನಿಂತು ಕೇಳಿದಳು, “‘ಅವಳಿಗೆ’ ಅಂದ್ರೆ ನನಗಾ?”

ಎರಡು ತಟ್ಟಿದ.

“ಅದರಲ್ಲಿ ಏನಿತ್ತು?”

ಬಸ್ಸುಗಳು ಹೋಗುತ್ತಿದ್ದವು. ಅವನು ಅವಳ ಕೈ ತೆಗೆದುಕೊಂಡು ಅಂಗೈ ಬಿಡಿಸಿದ. ಬೆರಳು ಇಟ್ಟ. ನಾಲ್ಕು ನಿಮಿಷದ್ದನ್ನು ಒಂದೊಂದೇ ಅಕ್ಷರವಾಗಿ, ಜೋಮು ಹಿಡಿದ ಕೈಯಲ್ಲಿ, ಎಲ್ಲಿಂದ ಶುರು ಮಾಡುವುದು? ಕಾಗದದ ಮೇಲೆ ಬರೆದು ಯಾರ ಕೈಲಾದರೂ ಓದಿಸಬಹುದಿತ್ತು. ಯಾರ ಕೈಲಿ? ಭಾಮೈದನ ಕೈಲಾ, ಎರಡು ಕುರ್ಚಿ ತುಂಬ ಗಿರಾಕಿಗಳ ಮುಂದೆ? ಅವನು ಆ ಅಂಗೈಯನ್ನು ಹಾಗೇ ಮುಚ್ಚಿ, ಮುಷ್ಟಿಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ. ಅವಳು ಇನ್ನೊಂದು ಸಲ ಕೇಳಿದಳು. ಮತ್ತೆ ಕೇಳಲಿಲ್ಲ.

ಮುಂದಿನ ವಾರ ಹೊಸ ಫೋನು ಬಂತು. ಸವತಿಯೂ ಬಂದಳು, ಮೊದಲಿನವಳೇ. ಎಬ್ಬಿಸುವುದು, ಟೀ, ಮೆಟ್ಟಿಲು, ಎಲ್ಲಾ ಈಗ ಅವಳ ಪಾಲಿಗೆ. ಭಾಮೈದ ಎರಡು ಸಲ ಮೇಲೆ ಬಂದ. ಒಂದು ಸಲ ಬಾಗಿಲಲ್ಲೇ ನಿಂತು ಹೋದ, ಇನ್ನೊಂದು ಸಲ ಏನೂ ಮಾತಾಡದೆ ಭಾವನ ಗಡ್ಡ ಬೋಳಿಸಿ ಹೋದ.

ಭಾನುವಾರ ಮಧ್ಯಾಹ್ನ ಕಂಡಕ್ಟರ್ ಕಿಟಕಿಯ ಬಳಿ ಕೂತು ಬರೆಯತೊಡಗಿದ. ಅಂದು ಬಸ್ಸಿನಲ್ಲಿ ಏನೇನು ಹೇಳಿದ್ದೆ ಅಂತ ನೆನೆಸಿ ನೆನೆಸಿ ಬರೆದ. ನೆನಪಿಗೆ ಬಂದದ್ದು ಮಾತಿನ ಹಾಗೆ ಬರಲಿಲ್ಲ, ಅರ್ಜಿಯ ಹಾಗೆ ಬಂತು. ಅವಳ ಕಣ್ಣು ಮಂಜಾಗುತ್ತಿದೆ ಅಂದಾಗ ತಾನು ಕನ್ನಡಕ ಬದಲಾಯಿಸಿದರೆ ಸರಿಹೋಗುತ್ತದೆ ಅಂತ ಡ್ಯೂಟಿಗೆ ಹೋಗಿಬಿಟ್ಟದ್ದು. ಅದನ್ನು ಎಂದೂ ಬಾಯಿಬಿಟ್ಟು ಹೇಳದೇ ಉಳಿದದ್ದು. ತನ್ನ ದನಿ ಹೋದ ಮೇಲೆ ಅವಳ ಕತ್ತಲಲ್ಲಿ ಯಾರಿರುತ್ತಾರೆ ಅನ್ನುವ ಭಯ. ಅಷ್ಟನ್ನೂ ಬರೆದು ಗುಂಡಿ ಒತ್ತಿದ.

ಹೆಂಗಸಿನ ದನಿ ಓದಿತು. ಭಯ ಅನ್ನುವುದನ್ನೂ ಕನ್ನಡಕ ಅನ್ನುವುದನ್ನೂ ಒಂದೇ ನಯದಲ್ಲಿ ಓದಿ, ಒಂದೂಕಾಲು ನಿಮಿಷದಲ್ಲಿ ಮುಗಿಸಿತು.

ಟೀಚರ್ ಹಾಸಿಗೆಯ ಮೇಲೆ ಒಣಗಿದ ಬಟ್ಟೆಯ ರಾಶಿಯ ಮುಂದೆ ಕೂತಿದ್ದಳು. ಕೈ ನಿಂತಿತ್ತು.

“ಇದಾ ಅದು?”

ಅವನು ಹತ್ತಿರ ಬಂದು ಮೊಣಕೈ ಹಿಡಿದ. ಮೊದಲು ಎರಡು ತಟ್ಟಿದ. ಆಮೇಲೆ, ತಡೆದು, ಒಂದು.

“ಇಷ್ಟೇ ಅಲ್ಲ ಅಂತೀರಿ.”

ಎರಡು.

“ಮಿಕ್ಕಿದ್ದು ನೆನಪಿಲ್ವಾ?”

ಅವನು ತಟ್ಟಲಿಲ್ಲ. ವಿಷಯ ನೆನಪಿತ್ತು, ಹೇಳಿದ ಮಾತು ನೆನಪಿರಲಿಲ್ಲ. ಅದನ್ನು ಹೌದು ಇಲ್ಲಗಳಲ್ಲಿ ಹೇಳುವುದು ಹೇಗೆ ಅಂತ ಅವನಿಗೆ ತೋಚಲಿಲ್ಲ.

“ಹೋಗ್ಲಿ ಬಿಡಿ,” ಅಂದಳು. “ಆ ಹೆಂಗಸಿಗೆ ನಮ್ಮ ಮನೆ ವಿಷಯ ಇಷ್ಟು ಗೊತ್ತಾಗಿದ್ದೇ ಜಾಸ್ತಿ. ಅಳಿಸಿಹಾಕಿ.”

ಅವನು ಅಳಿಸಿದ. ಅವಳು ರಾಶಿಯಿಂದ ಅವನ ಅಂಗಿಯೊಂದನ್ನು ಎತ್ತಿಕೊಂಡು, ತೋಳು ಎಲ್ಲಿ, ಕಾಲರು ಎಲ್ಲಿ ಅಂತ ಹುಡುಕಿ ಮಡಚಲು ಶುರುಮಾಡಿದಳು.

“ನಾಲ್ಕು ನಿಮಿಷ ಅಂದ್ಲಲ್ವಾ ರಿಪೇರಿಯವಳು,” ಅಂದಳು, ಅವನಿಗೋ ಅಂಗಿಗೋ. “ನಾಲ್ಕು ನಿಮಿಷ ಒಂದೇ ಸಮ ನನ್ನ ಬಗ್ಗೆ ಮಾತಾಡಿದ್ರಾ ನೀವು?” ಉತ್ತರಕ್ಕೆ ಕಾಯದೆ ಇನ್ನೊಂದು ಅಂಗಿಗೆ ಕೈ ಹಾಕಿದಳು.